ಬಿಸಿಲಿಗೆ ಹಚ್ಚುವ ಕ್ರೀಮ್: ಹೆದರಬೇಕೇ?

ಸ್ವ-ಸಹಾಯ ಸಂಘದ ಸಭೆಯೊಂದಕ್ಕೆ ನಾವು ಹೋಗಿದ್ದಾಗ ಒಬ್ಬ ತಾಯಿ ತನ್ನ ಏಳು ವರ್ಷದ ಮಗನನ್ನು ಕರೆತಂದಿದ್ದರು. ಹುಟ್ಟಿನಿಂದಲೇ ಮೈ, ಕೂದಲು, ಕಣ್ಣಿನ ರೆಪ್ಪೆ ಎಲ್ಲವೂ ಬೆಳ್ಳಗಿರುವ ಮಗು. ವೈದ್ಯರು ಇದನ್ನು ಆಲ್ಬಿನಿಸಂ ಎನ್ನುತ್ತಾರೆ. ಇದು ತೊನ್ನಲ್ಲ, ಅಂಟುರೋಗವೂ ಅಲ್ಲ. ಮಗುವಿನ ಕೆನ್ನೆ ಮತ್ತು ಕುತ್ತಿಗೆ ಸುಟ್ಟಂತೆ ಕೆಂಪಾಗಿತ್ತು. "ಡಾಕ್ಟ್ರು ಬರೆದುಕೊಟ್ಟ ಕ್ರೀಮ್ ನಿಲ್ಲಿಸಿಬಿಟ್ಟೆ ಸಿಸ್ಟರ್. ಅದು ರಕ್ತಕ್ಕೆ ಸೇರಿ ಕ್ಯಾನ್ಸರ್ ಬರುತ್ತಂತೆ, ಮೊಬೈಲಿನಲ್ಲಿ ಬಂದಿತ್ತು" ಎಂದರು.

ಈ ಮಾತಿನಲ್ಲಿ ನಿಜವೆಷ್ಟು, ಭಯವೆಷ್ಟು ಎಂದು ನಾವೆಲ್ಲರೂ ತಿಳಿಯುವುದು ಅಗತ್ಯ.

ಸನ್‌ಸ್ಕ್ರೀನ್‌ಗಳಲ್ಲಿ ಎರಡು ಬಗೆ. ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಎಂಬ ಖನಿಜಗಳಿಂದ ಮಾಡಿದ್ದು ಒಂದು. ಆಕ್ಸಿಬೆನ್ಝೋನ್, ಅವೊಬೆನ್ಝೋನ್, ಆಕ್ಟೋಕ್ರಿಲಿನ್‌ನಂಥ ರಾಸಾಯನಿಕಗಳಿಂದ ಮಾಡಿದ್ದು ಇನ್ನೊಂದು. ಇವು ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುತ್ತವೆ.

2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಂಶೋಧಕರು 24 ಜನರಿಗೆ ದಿನಕ್ಕೆ ನಾಲ್ಕು ಬಾರಿಯಂತೆ ನಾಲ್ಕು ದಿನ, ಮೈಯ ಮುಕ್ಕಾಲು ಭಾಗಕ್ಕೆ ರಾಸಾಯನಿಕ ಕ್ರೀಮ್ ಹಚ್ಚಿ ರಕ್ತ ಪರೀಕ್ಷಿಸಿದರು. ಒಂದು ಮಿಲಿಲೀಟರ್ ರಕ್ತದಲ್ಲಿ 0.5 ನ್ಯಾನೋಗ್ರಾಂ ಎಂಬ ಗಡಿಯನ್ನು ಈ ರಾಸಾಯನಿಕಗಳು ದಾಟಿದ್ದವು. ಒಂದು ಗ್ರಾಂ ಅನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ. ಆದ್ದರಿಂದ "ರಕ್ತಕ್ಕೆ ಸೇರುತ್ತೆ" ಎಂಬುದು ಸುಳ್ಳಲ್ಲ.

ಆದರೆ ಈ ಗಡಿ ವಿಷದ ಗಡಿಯಲ್ಲ. "ಇದನ್ನು ದಾಟಿದರೆ ಇನ್ನಷ್ಟು ಪರೀಕ್ಷೆ ಮಾಡಿ" ಎನ್ನುವ ಗಡಿ ಅದು. ರಕ್ತದಲ್ಲಿ ಕಂಡಿತು ಎಂದಮಾತ್ರಕ್ಕೆ ಹಾನಿಯಾಯಿತು ಎಂದಲ್ಲ. ಕ್ರೀಮ್ ಬಳಕೆ ನಿಲ್ಲಿಸಬೇಡಿ ಎಂದೇ ಆ ಸಂಶೋಧಕರೂ ಹೇಳಿದರು.

ಹೆಚ್ಚು ಅನುಮಾನ ಇರುವುದು ಆಕ್ಸಿಬೆನ್ಝೋನ್ ಮೇಲೆ. ಹೆಚ್ಚು ಪ್ರಮಾಣದಲ್ಲಿ ತಿನ್ನಿಸಿದ ಇಲಿಗಳಲ್ಲಿ ಅದು ಹಾರ್ಮೋನಿನಂತೆ ವರ್ತಿಸಿದ್ದು ಕಂಡಿದೆ. ಐರೋಪ್ಯ ಒಕ್ಕೂಟ 2022ರಲ್ಲಿ ಮೈಗೆ ಹಚ್ಚುವ ಕ್ರೀಮ್‌ನಲ್ಲಿ ಅದರ ಮಿತಿಯನ್ನು ಶೇ. 6ರಿಂದ ಶೇ. 2.2ಕ್ಕೆ ಇಳಿಸಿತು. ಜಿಂಕ್ ಮತ್ತು ಟೈಟಾನಿಯಂ ಖನಿಜಗಳು ಚರ್ಮದೊಳಗೆ ಇಳಿಯುವುದು ತೀರಾ ಕಡಿಮೆ. ಇವೆರಡು ಸುರಕ್ಷಿತವೆನ್ನಲು ಸಾಕಷ್ಟು ಆಧಾರವಿದೆ ಎಂದು 2019ರಲ್ಲಿ ಅಮೆರಿಕ ಹೇಳಿತು.

ಹಾಗಾದರೆ ನಾವೇನು ಮಾಡೋಣ?

• ನಮ್ಮಂಥ ಕಂದು ಮೈಯವರಿಗೆ ಚರ್ಮದ ಮೆಲನಿನ್ ಒಂದಿಷ್ಟು ರಕ್ಷಣೆ ಕೊಡುತ್ತದೆ. ಗದ್ದೆ ಕೆಲಸಕ್ಕೆ ಮುಟ್ಟಾಳೆಯೋ ಟೋಪಿಯೋ ಇರಲಿ, ತುಂಬುತೋಳಿನ ಅಂಗಿ ಇರಲಿ. ಮಧ್ಯಾಹ್ನದ ಉರಿಬಿಸಿಲು ತಪ್ಪಿಸಿ. ದುಬಾರಿ ಕ್ರೀಮ್‌ಗಾಗಿ ಸಾಲ ಮಾಡುವುದು ಬೇಡ.
• ಸನ್‌ಸ್ಕ್ರೀನ್ ಬೆಳ್ಳಗಾಗಲು ಹಚ್ಚುವ ಕ್ರೀಮ್ ಅಲ್ಲ. ಹೆಣ್ಣುಮಕ್ಕಳಿಗೆ ಇದನ್ನು ತಿಳಿಸಿ ಹೇಳಿ.
• ಆಲ್ಬಿನಿಸಂ ಇರುವವರಿಗೆ ಈ ಮೆಲನಿನ್ ಇಲ್ಲ, ಇದ್ದರೂ ಬಹಳ ಕಡಿಮೆ. ಅವರಿಗೆ ಚರ್ಮದ ಕ್ಯಾನ್ಸರ್ ಅಪಾಯ ಬಿಸಿಲಿನಿಂದಲೇ ಹೆಚ್ಚು. ಅವರಿಗೆ ಬಟ್ಟೆ, ಕೊಡೆಯ ಜೊತೆ ಕ್ರೀಮ್ ಕೂಡ ಬೇಕೇ ಬೇಕು.
• ಅನುಮಾನವಿದ್ದರೆ ಕ್ರೀಮ್ ಬಿಡಬೇಡಿ, ಬದಲಾಯಿಸಿ. ಟ್ಯೂಬಿನ ಮೇಲೆ ಜಿಂಕ್ ಆಕ್ಸೈಡ್ ಇದೆಯೇ ನೋಡಿ. ಆಕ್ಸಿಬೆನ್ಝೋನನ್ನು 'ಬೆನ್ಝೋಫಿನೋನ್-3' ಎಂದೂ ಬರೆಯುತ್ತಾರೆ. ಓದಲು ಬಾರದಿದ್ದರೆ ಔಷಧಿ ಅಂಗಡಿಯವರನ್ನು ಕೇಳಿ.
• ಆರು ತಿಂಗಳೊಳಗಿನ ಕೂಸನ್ನು ನೆರಳಲ್ಲೇ ಇಡಿ. ಕ್ರೀಮ್ ಹಚ್ಚುವ ಮೊದಲು ವೈದ್ಯರನ್ನು ಕೇಳಿ.

ಆ ತಾಯಿಯನ್ನು ನಾವು ಮತ್ತೆ ಚರ್ಮದ ವೈದ್ಯರ ಬಳಿ ಕರೆದೊಯ್ದೆವು. ಅವರು ಜಿಂಕ್ ಆಕ್ಸೈಡ್ ಇರುವ ಕ್ರೀಮ್ ಬರೆದುಕೊಟ್ಟರು. ಮುಖ ಸ್ವಲ್ಪ ಬೂದಿ ಬಳಿದಂತೆ ಕಾಣುತ್ತದೆ, ಅಷ್ಟೇ. ಹುಡುಗ ಈಗ ಟೋಪಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾನೆ. ಮೊಬೈಲಿನಲ್ಲಿ ಬಂದದ್ದನ್ನು ನಂಬಿ ಔಷಧಿ ನಿಲ್ಲಿಸುವ ಮೊದಲು, ಬರೆದುಕೊಟ್ಟ ವೈದ್ಯರನ್ನೇ ಒಂದು ಮಾತು ಕೇಳೋಣ.