ಹಳೇ ಪಿಕಪ್ ಡೀಸೆಲ್ ಕುಡೀತಿದೆಯಾ? ಎಂಜಿನ್ ಬಿಚ್ಚಿಸೋ ಮುಂಚೆ ಇಷ್ಟು ನೋಡಿ

ಲೀಟರಿಗೆ 13 ಕಿ.ಮೀ. ಕೊಡ್ತಿದ್ದ ನನ್ನ 12 ವರ್ಷದ ಪಿಕಪ್ ಈ ಟೊಮೆಟೊ ಸೀಸನ್‌ನಲ್ಲಿ 9ಕ್ಕೆ ಇಳಿಯಿತು. ನಮ್ಮೂರಿಂದ ಕೋಲಾರ ಮಂಡಿಗೆ ಹೋಗಿಬರಲು 120 ಕಿ.ಮೀ. ಅಂದರೆ ಪ್ರತಿ ಟ್ರಿಪ್ಪಿಗೆ 4 ಲೀಟರ್ ಡೀಸೆಲ್ ದಂಡ. ಗ್ಯಾರೇಜಿನಲ್ಲಿ ‘ಪಂಪು, ನಾಜಲ್ ಬಿಚ್ಚಬೇಕು’ ಅಂದರು. ಅದಕ್ಕೂ ಮುಂಚೆ ಖರ್ಚಿಲ್ಲದ ಪರೀಕ್ಷೆಗಳನ್ನು ಮುಗಿಸೋಣ ಅಂದುಕೊಂಡೆ. ನೀವೂ ಇದೇ ಕ್ರಮದಲ್ಲಿ ನೋಡಿ.

1. ಲೆಕ್ಕ: ಟ್ಯಾಂಕ್ ಫುಲ್ ಮಾಡಿಸಿ, ಮೀಟರಿನ ಫೋಟೊ ತೆಗೆದಿಡಿ. ಕೆಲವು ಟ್ರಿಪ್ ಆದಮೇಲೆ ಅದೇ ಬಂಕ್‌ನಲ್ಲಿ ಮತ್ತೆ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಈಗ ಹಾಕಿಸಿದ ಲೀಟರಿನಿಂದ ಭಾಗಿಸಿ. ಡೀಸೆಲ್ ಮುಳ್ಳನ್ನು ನಂಬಬೇಡಿ.

2. ಸೋರಿಕೆ: ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿ, ಬೆಳಗ್ಗೆ ಹನಿ ಬಿದ್ದಿದೆಯಾ ನೋಡಿ.

3. ಟೈರ್: ಗಾಳಿಯನ್ನು ಟೈರ್ ತಣ್ಣಗಿದ್ದಾಗಲೇ ಅಳೆಯಿರಿ. ಲೋಡಿಗೆ ಎಷ್ಟಿರಬೇಕೆಂದು ಗಾಡಿಯ ಪುಸ್ತಕದಲ್ಲಿರುತ್ತೆ.

4. ಬ್ರೇಕ್: ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ. ಪ್ರತಿ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಜಾಸ್ತಿ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡ್ಕೊಂಡಿರಬಹುದು. ನನ್ನ ಗಾಡೀಲಿ ಸಿಕ್ಕಿದ್ದು ಇದೇ: ಹಿಂದಿನ ಎಡಚಕ್ರದ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಬಿಗಿದಿತ್ತು. ಬದಲಿಸಿದ ಮೇಲೆ ಮೈಲೇಜ್ 12 ದಾಟಿತು.

5. ಹೊಗೆ: ಕಪ್ಪು ಹೊಗೆ ಬಂದರೆ ಎಂಜಿನ್‌ಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಡೀಸೆಲ್ ಜಾಸ್ತಿ ಹೋಗ್ತಿದೆ. ಹೊಲದ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತೆ, ಮೊದಲು ಅದನ್ನು ನೋಡಿ. ಹೊಸ ಫಿಲ್ಟರ್ ಹಾಕಿದರೂ ಹೊಗೆ ನಿಲ್ಲದಿದ್ದರೆ ಆಗ ನಾಜಲ್ ಚೆಕ್ ಮಾಡಿಸಿ.

ಒಂದು ಸಲಕ್ಕೆ ಒಂದೇ ರಿಪೇರಿ ಮಾಡಿಸಿ, ಮತ್ತೆ ಅಳೆಯಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ದುಡ್ಡೂ ಹೋಗುತ್ತೆ, ಕಾರಣವೂ ಗೊತ್ತಾಗಲ್ಲ.