ಹಾಲಿನ ಲೆಕ್ಕ ಕಳಿಸುವ ಪುಟ್ಟ ಬೋರ್ಡ್: ಯಂತ್ರ ಕೊಳ್ಳುವ ಮುನ್ನ ಇಷ್ಟು ಕೇಳಿ



ಕಾಲುಬಾಯಿ ಜ್ವರದ ಲಸಿಕೆ ಹಾಕಲು ಒಂದು ಮಹಿಳಾ ಸಂಘಕ್ಕೆ ಹೋಗಿದ್ದೆ. ಹಿಂದಿನ ರಾತ್ರಿ ಗುಡುಗು ಸಿಡಿಲಿನ ಮಳೆಯಾಗಿತ್ತು. ಹಾಲು ಅಳೆಯುವ ಯಂತ್ರ ತೂಕ, ಫ್ಯಾಟ್, ಎಸ್‌ಎನ್‌ಎಫ್ ಎಲ್ಲ ತೋರಿಸುತ್ತಿತ್ತು. ಲೆಕ್ಕ ಮಾತ್ರ ಒಕ್ಕೂಟದ ಕಂಪ್ಯೂಟರ್‌ಗೆ ಹೋಗುತ್ತಿರಲಿಲ್ಲ. "ನಮ್ಮ ಬಟವಾಡೆ ಏನಾಗುತ್ತೆ ಡಾಕ್ಟ್ರೇ?" ಎಂದು ಎಲ್ಲರೂ ಕೇಳಿದರು. ಸುಟ್ಟಿದ್ದು ಯಂತ್ರದೊಳಗಿನ ಬೆಂಕಿಪೊಟ್ಟಣದಷ್ಟು ಚಿಕ್ಕ ಈಥರ್‌ನೆಟ್ ಬೋರ್ಡ್. ಯಂತ್ರದ ಲೆಕ್ಕವನ್ನು ಕೇಬಲ್ ಮೂಲಕ ಹೊರಗೆ ಕಳಿಸುವುದೇ ಅದರ ಕೆಲಸ. ಕೆಲವು ಯಂತ್ರಗಳಲ್ಲಿ ಇದರ ಬದಲು ಸಿಮ್ ಇರುತ್ತದೆ. ನಿಮ್ಮದು ಕೇಬಲ್ ಯಂತ್ರವಾದರೆ ಈ ಐದು ವಿಷಯ ತಿಳಿದಿರಲಿ.

1. ವಿದ್ಯುತ್ ತಡೆ: ಗರ್ಭದಲ್ಲಿ ಹಸುವಿನ ರಕ್ತ ಕರುವಿನ ರಕ್ತದೊಂದಿಗೆ ಬೆರೆಯುವುದಿಲ್ಲ, ಆದರೂ ಮಾಸಿನ ಮೂಲಕ ಪೋಷಣೆ ದಾಟುತ್ತದೆ. ಬೋರ್ಡಿನಲ್ಲಿರುವ ಪುಟ್ಟ ಟ್ರಾನ್ಸ್‌ಫಾರ್ಮರ್ ಕೂಡ ಹಾಗೆಯೇ. ತಂತಿಗೆ ತಂತಿ ತಾಗದೆ ಸಂಕೇತ ಮಾತ್ರ ದಾಟುತ್ತದೆ. ಇದು ಸಾಮಾನ್ಯವಾಗಿ 1,500 ವೋಲ್ಟ್‌ವರೆಗೆ ತಡೆಯುತ್ತದೆ. ಸಿಡಿಲಿನ ಹೊಡೆತ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದ್ದರಿಂದ ಸರ್ಜ್ ರಕ್ಷಕ ಇದೆಯೇ ಎಂದು ಕೇಳಿ, ಕಟ್ಟಡದ ಅರ್ತಿಂಗ್ ಪರೀಕ್ಷಿಸಿ. ಮೋಡ ಕಟ್ಟಿದಾಗಲೇ, ಗುಡುಗು ಶುರುವಾಗುವ ಮುನ್ನ, ಕರೆಂಟ್ ಪ್ಲಗ್ ಮತ್ತು ಕೇಬಲ್ ಎರಡನ್ನೂ ತೆಗೆದಿಡಿ.

2. ಕೇಬಲ್ ದಾರಿ: ಕೇಬಲ್ಲಿನ ಎಂಟು ತಂತಿಗಳನ್ನು ಜೋಡಿ ಜೋಡಿಯಾಗಿ ಹೆಣೆದಿರುತ್ತಾರೆ. ಹೊರಗಿನ ಅಡಚಣೆ ಎರಡೂ ತಂತಿಗಳ ಮೇಲೆ ಸಮನಾಗಿ ಬಿದ್ದು ಕಳೆದುಹೋಗಲಿ ಎಂಬುದೇ ಇದರ ಉದ್ದೇಶ. ಆದರೂ ಬಲ್ಕ್ ಕೂಲರ್ ಮೋಟಾರಿನ ತಂತಿಯ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ. ಒಂದೇ ಎಳೆತ 100 ಮೀಟರ್ ಮೀರಬಾರದು.

3. ತೇವ: ಸಂಘದ ನೆಲ ದಿನಕ್ಕೆರಡು ಸಲ ತೊಳೆಯುವಂಥದ್ದು. ಕೇಬಲ್ ಸಿಕ್ಕಿಸುವ ಜಾಗ ನೆಲದಿಂದ ಮೇಲಿರಲಿ, ಅದಕ್ಕೆ ಮುಚ್ಚಳವಿರಲಿ. ನೀರು ಹೋದರೆ ಒಳಗಿನ ಲೋಹ ಕಿಲುಬು ಹಿಡಿದು ಸಂಪರ್ಕ ತಪ್ಪುತ್ತದೆ.

4. ನೆನಪು: ಸಂಪರ್ಕ ಕಡಿದಾಗ ಲೆಕ್ಕ ಯಂತ್ರದಲ್ಲೇ ಉಳಿದು, ಸಂಪರ್ಕ ಬಂದ ಮೇಲೆ ತಾನಾಗಿ ಹೋಗಬೇಕು.

5. ಬಿಡಿಭಾಗ: ಬೋರ್ಡ್ ಮಾತ್ರ ಬಿಚ್ಚಿ ಬದಲಿಸಲು ಬರುತ್ತದೆಯೇ? ಬಾರದಿದ್ದರೆ ಇಡೀ ಯಂತ್ರವೇ ರಿಪೇರಿಗೆ ಹೋಗುತ್ತದೆ.

ನಾನು ಹೋಗಿದ್ದ ಸಂಘದ ಯಂತ್ರದಲ್ಲಿ ಕೊನೆಯ ಎರಡೂ ಇರಲಿಲ್ಲ. ಹಾಲಿನ ಚೀಟಿ ಇಟ್ಟುಕೊಂಡಿದ್ದವರ ಲೆಕ್ಕ ಬೇಗ ಸರಿಹೋಯಿತು. ಚೀಟಿ ಎಸೆದಿದ್ದವರು ಅಲೆಯಬೇಕಾಯಿತು.

ಹಸು ಕೊಳ್ಳುವಾಗ ನೀವು ಬರೀ ಬೆಲೆ ಕೇಳುವುದಿಲ್ಲ; ಕೆಚ್ಚಲು ಮುಟ್ಟಿ, ನಾಲ್ಕೂ ಮೊಲೆ ಹಿಂಡಿ ನೋಡುತ್ತೀರಿ. ಆಡಳಿತ ಮಂಡಳಿ ಸಭೆಯಲ್ಲಿ ಯಂತ್ರದ ಮಾತು ಬಂದಾಗಲೂ ಈ ಐದು ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಮತ್ತು ಬಟವಾಡೆ ಕೈಸೇರುವವರೆಗೆ ನಿಮ್ಮ ಚೀಟಿ ಜೋಪಾನ.

– ಪಶುವೈದ್ಯಾಧಿಕಾರಿ