ಬಾವಿಯ ಈಜು, ಕಡಲಿನ ಉಸಿರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಹಳ್ಳಿಗರು ಹಿಂದೆ ಈಜು ಕಲಿಯುತ್ತಿದ್ದುದು ತೆರೆದ ಬಾವಿಗಳಲ್ಲಿ. ಧುಮುಕಿ ತಳದ ಮಣ್ಣನ್ನು ಹಿಡಿದು ತರುವವನೇ ಗಟ್ಟಿಗ. ಉಸಿರು ಬಿಗಿಹಿಡಿಯುವುದೇ ಅವನ ವಿದ್ಯೆ. ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಸಮುದ್ರಕ್ಕಿಳಿಯುವ ಸ್ಕೂಬಾ ಪಟುವಿಗೆ ಅದೇ ವಿದ್ಯೆ ಪ್ರಾಣಾಂತಕವಾಗಬಲ್ಲದು.

ಕರ್ನಾಟಕದಲ್ಲಿ ಈ ಸಾಹಸಕ್ಕೆ ಹೆಸರಾದುದು ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪ. ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಪಯಣ. ಬಂಡೆಗಳ ಬುಡದಲ್ಲಿ ಹವಳ, ಬಗೆಬಗೆಯ ಮೀನು. ಆದರೆ ನೈಋತ್ಯ ಮಾರುತದ ತಿಂಗಳುಗಳಲ್ಲಿ ಅತ್ತ ಸುಳಿಯುವಂತಿಲ್ಲ. ಮಳೆ ಹಿಂಜರಿದು, ಹೊಳೆಗಳು ತಂದ ಕೆಸರು ಇಳಿದ ಮೇಲೆಯೇ ನೀರು ತಿಳಿಯಾಗುವುದು. ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪದ ಪುಣ್ಯ ಬೇರೆ. ಅಲ್ಲಿ ನದಿಗಳೇ ಇಲ್ಲ, ಗಾಳಿ ಬಹುತೇಕ ಮೂಡಣದಿಂದಲೇ ಬೀಸುತ್ತದೆ. ಹೀಗಾಗಿ ಪಡುವಣ ತೀರ ಸದಾ ಶಾಂತ, ನೀರು ನಿರ್ಮಲ.

ಕಡಲು ಯಾವುದಾದರೂ ಭೌತನಿಯಮ ಒಂದೇ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಇಮ್ಮಡಿ. ಬಾವಿಗೆ ಧುಮುಕುವವನು ಮೇಲೆಯೇ ಎಳೆದುಕೊಂಡ ಉಸಿರು ಆಳದಲ್ಲಿ ಕುಗ್ಗಿ, ಏರುವಾಗ ಮೊದಲಿನ ಗಾತ್ರಕ್ಕೆ ಮರಳುತ್ತದೆ, ಅಷ್ಟೆ. ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾಂ 1943ರಲ್ಲಿ ರೂಪಿಸಿದ ಉಸಿರಾಟದ ಸಾಧನವಾದರೋ ಸುತ್ತಲಿನ ಒತ್ತಡಕ್ಕೆ ಸಮನಾಗಿ ಗಾಳಿಯನ್ನು ಒದಗಿಸುತ್ತದೆ. ಹತ್ತು ಮೀಟರಿನಲ್ಲಿ ಎದೆ ತುಂಬ ಎಳೆದು, ತಡೆಹಿಡಿದು ಮೇಲೇರಿದರೆ ಆ ಗಾಳಿ ಇಮ್ಮಡಿಯಾಗಲೆಳಸಿ ಶ್ವಾಸಕೋಶವನ್ನೇ ಹರಿದೀತು. ಆದಕಾರಣ ಉಸಿರಾಡುತ್ತಲೇ ಇರಬೇಕು, ನಿಧಾನವಾಗಿ ಏರಬೇಕು. ತುಂಬಿದ ಎದೆಗೆ ಒಂದೆರಡು ಮೀಟರಿನ ಏರಿಕೆಯೂ ಸಾಕು. ಹೀಗಾಗಿ ಆಳವಿಲ್ಲದ ನೀರಿನಲ್ಲಿಯೂ ಈ ಅಪಾಯ ತಪ್ಪಿದ್ದಲ್ಲ.